ತಿದ್ದುಪಡಿಗೆ ಕಾರಣ

"ಅಪ್ಪ, ಈ ಎರಡೂ ಒಂದೇ ಚಿತ್ರ," ಎಂದಳು ಮಗಳು. ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದಳು.

ಸಂಶೋಧನಾ ಲೇಖನಗಳ ಚಿತ್ರಗಳಲ್ಲಿ ತಪ್ಪು ಹುಡುಕುವುದೇ ಅವಳ ಉದ್ಯೋಗ. ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಒಂದೂ ತಪ್ಪಿಲ್ಲದ ಲೇಖನ ಕೊಟ್ಟು ಪರೀಕ್ಷಿಸೋಣವೆಂದು ಅಪ್ಪನದನ್ನೇ ಕೊಟ್ಟಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳಿಗೆ ಹೆತ್ತವರೇ ಮುದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ ಅಚ್ಚಾದ ಎರಡು ಚಿತ್ರಗಳ ಸುತ್ತ ಕೆಂಪು ಚೌಕ ಬಿದ್ದಿತ್ತು: ಔಷಧಿ ಹಾಕದ ಕ್ಯಾನ್ಸರ್ ಕೋಶಗಳು, ಔಷಧಿ ಹಾಕಿದ ಕ್ಯಾನ್ಸರ್ ಕೋಶಗಳು.

ನಿವೃತ್ತ ವಿಜ್ಞಾನಿಯಾದ ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. "ಹೌದಲ್ಲೇ! ಕಣ್ಣಿಗೆ ರಾಚೋ ಹಾಗಿದೆ."

"ನಾನಿನ್ನೂ ಯಾರಿಗೂ ಹೇಳಿಲ್ಲ. ನೀವು ಬೇಡ ಅಂದ್ರೆ..."

"ಬೇಡ ಅನ್ನೋಕೆ ಅದೇನು ಮನೆ ಆಲ್ಬಮ್ಮಾ? ಇದನ್ನ ನಂಬಿಕೊಂಡು ಇವತ್ತಿಗೂ ಯಾರೋ ಕೆಲಸ ಮಾಡ್ತಿರ್ತಾರೆ."

ಬೀರುವಿನ ಮೇಲಿಂದ ಹಳೇ ಸಿ.ಡಿ.ಗಳ ಡಬ್ಬ ಇಳಿಯಿತು. ಮೂರನೆಯದರಲ್ಲಿ ಅಸಲಿ ಚಿತ್ರ ಸಿಕ್ಕಿತು. ಔಷಧಿ ಹಾಕಿದ ಕೋಶಗಳು ಅದರಲ್ಲಿ ಮುದುಡಿ ಹೋಗಿದ್ದವು, ಬದುಕಿದ್ದವು ಬೆರಳೆಣಿಕೆಯಷ್ಟು. ಫಲಿತಾಂಶ ಸುಳ್ಳಲ್ಲ! ಮಗಳಿಗೆ ಹೋದ ಜೀವ ಬಂದಂತಾಯಿತು. ಪುಟ ಜೋಡಿಸುವಾಗ ಅಳತೆ ಸರಿಬರಲಿ ಎಂದು ಖಾಲಿ ಜಾಗಕ್ಕೆ ಪಕ್ಕದ ಚಿತ್ರವನ್ನೇ ತಾತ್ಕಾಲಿಕವಾಗಿ ಕೂರಿಸುವುದು ಅಪ್ಪನ ಪ್ರಯೋಗಾಲಯದ ರೂಢಿ. ಕೂರಿಸಿದ್ದು ಹಾಗೇ ಉಳಿದುಬಿಟ್ಟಿತ್ತು.

"ತಿದ್ದುಪಡಿ ಕಳಿಸಿದ್ರೆ, ಆಗ ಯಾಕೆ ಬದಲಾಯಿಸಲಿಲ್ಲ ಅಂತ ಲೇಖನ ಅಚ್ಚು ಹಾಕಿದ ಪತ್ರಿಕೆಯವರು ಕೇಳ್ತಾರೆ ಅಪ್ಪ."

"ಅಜಾಗರೂಕತೆ ಅಂತ ಬರಿ."

"ಅಷ್ಟೇ ಬರೆದ್ರೆ ನಿಮ್ಮ ಹೆಸರು ಕೆಡುತ್ತೆ. ಏನೋ ಆಗಿರಬೇಕು, ನೆನಪು ಮಾಡ್ಕೊಳ್ಳಿ."

"ಏನೂ ಆಗಿಲ್ಲ. ಬರಿ."

ಮಗಳು ಸಿ.ಡಿ.ಯಲ್ಲಿದ್ದ ಆ ಪುಟದ ಫೈಲನ್ನು ಅಪ್ಪ ಕೊನೆಯ ಸಲ ತಿದ್ದಿದ್ದ ತಾರೀಕು ನೋಡಿದಳು. ಅವಳ ಏಳನೇ ಹುಟ್ಟುಹಬ್ಬದ ಹಿಂದಿನ ದಿನ. ಶಾಲೆಯ ಜಾರುಬಂಡೆಯಿಂದ ಬಿದ್ದು ಅವಳು ಕೈ ಮುರಿದುಕೊಂಡದ್ದು ಅವತ್ತೇ. ಅಪ್ಪ ಎದ್ದುಬಿದ್ದು ಓಡಿ ಬಂದವರು ನಾಲ್ಕು ದಿನ ಆಸ್ಪತ್ರೆಯ ಮಂಚದ ಪಕ್ಕ ಬಿಟ್ಟು ಕದಲಿರಲಿಲ್ಲ. ಅಷ್ಟರಲ್ಲಿ ಜೊತೆಯವರು ಲೇಖನ ಕಳಿಸಿಬಿಟ್ಟಿದ್ದರು. ಅವಳ ಕಣ್ಣು ತುಂಬಿ ಬಂತು.

"ನನ್ನಿಂದ ಆಗಿದ್ದು ಇದು. ಇದನ್ನೇ ಬರೀತೀನಿ."

ಅಪ್ಪ ಅವಳ ತಲೆ ನೇವರಿಸಿದರು. "ಆಮೇಲೆ ಅಚ್ಚಿನ ಕರಡನ್ನ ಎರಡು ಸಲ ನೋಡಿ ಸಹಿ ಹಾಕಿದ್ದು ನಾನೇ ಮಗಳೇ. ಆಗ ಯಾರ ಕೈಯೂ ಮುರಿದಿರಲಿಲ್ಲ. ಅಜಾಗರೂಕತೆ ಅಂತಲೇ ಬರಿ."