ಮೂವತ್ತೊಂದನೇ ನಂಬರಿನ ಅಜ್ಜಿ

ಮೂವತ್ತೊಂದನೇ ನಂಬರಿನ ಅಜ್ಜಿಗೆ ಮಗಳಿರಲಿಲ್ಲ. ಹಾಗಂತ ಅಜ್ಜಿಯೇ ಹೇಳಿದ್ದರು. ಅದಕ್ಕೇ ಮಲ್‌ಸುನ್ ಪ್ರತಿ ಮಂಗಳವಾರ ಅವರ ಬೆನ್ನನ್ನು ಹತ್ತು ನಿಮಿಷ ಹೆಚ್ಚಿಗೆ ಉಜ್ಜುತ್ತಿದ್ದಳು. ಗುನ್‌ಸಾನ್ ಊರಿನ ಹೆಂಗಸರ ಸಾರ್ವಜನಿಕ ಸ್ನಾನದ ಮನೆಯಲ್ಲಿ ಮೈಯುಜ್ಜುವುದೇ ಅವಳ ಕಸುಬು. ಬಟ್ಟೆಯಿಡಲು ಸದಾ ಮೂವತ್ತೊಂದನೇ ಬೀರುವಿನ ಬೀಗದ ಕೈಯನ್ನೇ ಕೇಳುತ್ತಿದ್ದ ಅಜ್ಜಿ ನಾಲ್ಕು ತಿಂಗಳಿಂದ ಬಂದಿರಲಿಲ್ಲ.

ಅವತ್ತೂ ಮಂಗಳವಾರ. ಬಟ್ಟೆ ಬಿಚ್ಚುವ ಕೋಣೆಯ ಟಿವಿಯಲ್ಲಿ ಬೆಳಗಿನ ಧಾರಾವಾಹಿ ಆಗಷ್ಟೇ ಮುಗಿದಿತ್ತು. ಹೆಂಗಸರು ಬೆಚ್ಚನೆಯ ನೆಲದ ಮೇಲೆ ಕೂತು, ಸುಟ್ಟ ಮೊಟ್ಟೆ ಸುಲಿಯುತ್ತ, ಧಾರಾವಾಹಿಯ ಅತ್ತೆಯನ್ನು ಬೈಯುತ್ತಿದ್ದರು. ಬಾಗಿಲು ತೆರೆಯಿತು. ಅದೇ ಅತ್ತೆ ಒಳಗೆ ಬಂದಳು. ಯಾವ ಧಾರಾವಾಹಿಯಲ್ಲಾದರೂ ಕೆಟ್ಟ ಅತ್ತೆ ಅವಳೇ. ಆ ಮುಖವನ್ನು ಗುರುತು ಹಿಡಿಯದವರಿಲ್ಲ.

"ಅಯ್ಯೋ, ಬಂದ್ಲಲ್ಲೇ ಮಾರಿ!" ಅಂದಳು ಕಡುಬಿನಂಗಡಿಯ ಸುಕ್‌ಜಾ. "ಮೊಟ್ಟೆ ಮುಚ್ಚಿಡ್ರೇ, ಇದನ್ನೂ ತನ್ನ ಹೆಸರಿಗೆ ಬರೆಸ್ಕೊಂಡುಬಿಡ್ತಾಳೆ!"

ಎಲ್ಲರೂ ನಕ್ಕರು. ಬಂದವಳೂ ನಕ್ಕಳು. ಇಂಥದ್ದು ಅವಳಿಗೆ ಅಭ್ಯಾಸವಾದಂತಿತ್ತು.

"ಮಲ್‌ಸುನ್ ಅಕ್ಕ ಅಂದ್ರೆ ಯಾರು?"

"ನಾನೇ. ಏನೀಗ?"

"ಅಮ್ಮ ಸೊಂಟ ಮುರ್ಕೊಂಡು ಹಾಸಿಗೆ ಹಿಡಿದಿದಾರೆ ಅಕ್ಕ. ಹೆಚ್ಚು ದಿನ ಇಲ್ಲ ಅಂದಿದಾರೆ ಡಾಕ್ಟ್ರು. ನರ್ಸು ಒದ್ದೆ ಬಟ್ಟೇಲಿ ಒರೆಸ್ತಾಳೆ, ಅದು ಸ್ನಾನಾನೇ ಅಲ್ಲ ಅಂತ ಅಮ್ಮಂದು ಹಟ. ಒಂದೇ ಒಂದ್ಸಲ ನಿಮ್ಮ ಕೈಲಿ ಬೆನ್ನುಜ್ಜಿಸ್ಕೋಬೇಕಂತೆ. ಮನೆಗೆ ಬರ್ತೀರಾ?" ಅನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿತು.

ಆ ಕಣ್ಣೀರೇ ಕೆಲಸ ಕೆಡಿಸಿತು. ಕಾಲು ಗಂಟೆಯ ಹಿಂದಷ್ಟೇ ಟಿವಿಯಲ್ಲಿ ಇದೇ ಕಣ್ಣು ಹೀಗೇ ತುಂಬಿತ್ತು. ಕಾಯಿಲೆಯ ಸೋಗು ಹಾಕಿ ಮಲಗಿದ ಅತ್ತೆ, ಸೊಸೆಯ ಅಂಗಡಿಯನ್ನು ತನ್ನ ಹೆಸರಿಗೆ ಬರೆಸಿಕೊಂಡಿದ್ದಳು.

"ಎಷ್ಟು ಚೆನ್ನಾಗಿ ಅಳ್ತೀಯಮ್ಮಾ," ಅಂದಳು ಮಲ್‌ಸುನ್. "ಕ್ಯಾಮೆರಾ ಎಲ್ಲಿಟ್ಟಿದೀಯ?"

"ಅದು ನಾಟಕ ಅಲ್ವಾ ಅಕ್ಕ. ಇದು..."

"ಮನಸಲ್ಲಿಲ್ದೇ ಇದ್ದದ್ದು ಮುಖದಲ್ಲಿ ಬರತ್ತಾ? ನಿನ್ನಂಥವಳನ್ನ ಹೆತ್ತ ಹೊಟ್ಟೆ ಇನ್ನೆಂಥದಿರಬೇಕು! ಆ ಮೈ ಮುಟ್ಟಿದ್ರೆ ನನ್ನ ಕೈ ಕೊಳೆತುಹೋಗತ್ತೆ. ನಡಿ, ನಡಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಮಲ್‌ಸುನ್‌ಗೆ ಹೆಮ್ಮೆಯೆನಿಸಿತು. ವರ್ಷಗಟ್ಟಲೆ ಟಿವಿಗೆ ಹೇಳುತ್ತಿದ್ದ ಮಾತನ್ನು ಕಡೆಗೂ ಮುಖಕ್ಕೇ ಹೇಳಿದ್ದಳು.

ನಟಿ ಮತ್ತೆ ಕೇಳಲಿಲ್ಲ. ಕಣ್ಣೊರೆಸಿಕೊಂಡು ಗೋಡೆಯ ಗೂಡುಗಳತ್ತ ಹೋದಳು. ಖಾಯಂ ಬರುವವರು ಸೋಪು, ಉಜ್ಜುವ ಗವಸು ತುಂಬಿದ ತಮ್ಮ ಬುಟ್ಟಿಗಳನ್ನು ಅಲ್ಲೇ ಬಿಟ್ಟುಹೋಗುವುದು ವಾಡಿಕೆ. ಅವಳು ಸಾಲನ್ನು ನೋಡಿ, ಒಂದು ಹಳದಿ ಬುಟ್ಟಿಯನ್ನು ಕೆಳಗಿಳಿಸಿ, ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ಏಯ್, ಇಡು ಅದನ್ನ! ಅದು ಮೂವತ್ತೊಂದರ ಅಜ್ಜೀದು."

"ಹೌದು. ಅಮ್ಮಂದು."

ಸುಕ್‌ಜಾ ಬಾಯಲ್ಲಿದ್ದ ಮೊಟ್ಟೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಅಜ್ಜಿಗೆ ಮಗಳೇ ಇಲ್ಲ," ಅಂದಳು ಮಲ್‌ಸುನ್.

"ಹಾಗೆ ಹೇಳಿದೀನಿ ಅಂತ ಅಮ್ಮ ನನಗೂ ಅಂದಿದ್ರು. ನೀನು ನನ್ನ ಮಗಳು ಅಂದ್ರೆ ಪಾಪ ಅವರೆಲ್ಲ ಬಾಯಿ ಹೊಲ್ಕೊಂಡು ಕೂರಬೇಕಾಗತ್ತೆ, ಬೆಳಗ್ಗೆ ಅವರಿಗಿರೋದು ನಿನ್ನ ಬೈಯೋದೊಂದೇ ಖುಷಿ, ಯಾಕೆ ಕೆಡಿಸ್ಲಿ ಅಂದ್ರು."

ಮಲ್‌ಸುನ್‌ಗೆ ಎಲ್ಲವೂ ಕಣ್ಣಿಗೆ ಕಟ್ಟಿತು. ಬೈದು ಬೈದು ಗಂಟಲು ಒಣಗಿದವರಿಗೆ ಅಕ್ಕಿಯ ಪಾನಕ ಬಗ್ಗಿಸಿ ಕೊಡುತ್ತಿದ್ದವರು ಅಜ್ಜಿಯೇ. ಮೊದಲ ಲೋಟ ಮಲ್‌ಸುನ್‌ಗೇ ಬರುತ್ತಿತ್ತು, ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವಳು ಅವಳೇ ಆದ್ದರಿಂದ. ಇವಳನ್ನು ಹೆತ್ತ ಹೊಟ್ಟೆಗೆ ಬೆಂಕಿ ಬೀಳಲಿ ಅನ್ನುವಾಗ ಆ ಹೊಟ್ಟೆ ಪಕ್ಕದಲ್ಲೇ ಕೂತಿತ್ತು.

"ಇರು, ಬಂದೆ. ಬಟ್ಟೆ ಹಾಕ್ಕೊಂಡು ಈಗ್ಲೇ ಬಂದೆ!"

"ಬೇಡ ಅಕ್ಕ," ಅಂದಳು ನಟಿ. ಕೋಪವಿರಲಿಲ್ಲ, ದಣಿವಿತ್ತು. "ಈಗ ಬಂದ್ರೆ ನೀವು ಅಮ್ಮನ ಮುಂದೆ ಕೂತು ಅಳ್ತೀರಿ. ನಿಮ್ಮನ್ನ ಸಮಾಧಾನ ಮಾಡೋ ಕೆಲಸಾನೂ ಅಮ್ಮಂಗೇ ಬೀಳತ್ತೆ."

ಮೈಮೇಲೆ ಕೆಲಸದ ಒಳ ಉಡುಪು ಬಿಟ್ಟರೆ ಬೇರೇನಿರಲಿಲ್ಲ ಮಲ್‌ಸುನ್‌ಗೆ. ಒದ್ದೆ ಮೈಗೆ ಪ್ಯಾಂಟು ಏರಿಸಿ ಬೀದಿಗೆ ಓಡುವಷ್ಟರಲ್ಲಿ ನಟಿಯ ಕಾರು ತಿರುವು ದಾಟಿತ್ತು. ವಾಪಸು ಬಂದು ಟಿಕೆಟಿನ ಕಿಟಕಿಗೆ ಬಗ್ಗಿದಳು.

"ಅಜ್ಜಿ ಮನೆ ಎಲ್ಲಿ?"

"ನನಗೇನು ಗೊತ್ತು? ಬರೋರು, ಬೀಗದ ಕೈ ಕೊಡ್ತಿದ್ದೆ," ಅಂದಳು ಒಡತಿ.

"ಹೆಸರಾದ್ರೂ?"

"ಮೂವತ್ತೊಂದು."

ಹಿಂದೆಯೇ ಬಂದಿದ್ದ ಸುಕ್‌ಜಾ ಮೆಲ್ಲಗೆ ಅಂದಳು, "ಟಿವಿಯವರಿಗೆ ಫೋನ್ ಮಾಡಿ ಕೇಳೇ."

"ಮೂರು ಸಲ ಮಾಡಿದೀನಿ," ಅಂದಳು ಮಲ್‌ಸುನ್. "ಆ ಅತ್ತೇನ ಬೇಗ ಸಾಯಿಸ್ರೋ ಅಂತ."

ಆದರೂ ಮಾಡಿದಳು. ಆ ಕಡೆಯವರು ಅವಳ ದನಿ ಕೇಳುತ್ತಲೇ ಫೋನಿಟ್ಟರು. ಒಂಬತ್ತು ವರ್ಷ ಉಜ್ಜಿದ ಬೆನ್ನು. ಎಡ ಭುಜದ ಕೆಳಗೆ ಮೂರು ಮಚ್ಚೆ ಇದ್ದದ್ದು ಅವಳಿಗೆ ಗೊತ್ತಿತ್ತು. ಹೆಸರು ಗೊತ್ತಾದದ್ದು ಊರಿನ ಪತ್ರಿಕೆಯ ಸಾವಿನ ಸುದ್ದಿಯಿಂದ: ನೋ ಬುನ್‌ಇ, ಎಂಬತ್ತನಾಲ್ಕು ವರ್ಷ, ನಟಿಯ ತಾಯಿ.

ಮಗಳು ಬಂದುಹೋದ ಮೇಲೆ ಅಜ್ಜಿ ಹನ್ನೊಂದು ದಿನ ಬದುಕಿದ್ದರು. ಅದರಲ್ಲಿ ಮಂಗಳವಾರ ಒಂದು.