ಎರಡು ನಿಮಿಷದ ನಿಲ್ದಾಣ

"ಸ್ಲ್ಯುದ್ಯಾಂಕಾದಲ್ಲಿ ರೈಲು ನಿಲ್ಲೋದು ಎರಡೇ ನಿಮಿಷ, ಟೀಚರ್. ಬೈಕಾಲ್ ಸರೋವರಕ್ಕೆ ಹತ್ತು ನಿಮಿಷದ ದಾರಿ. ನೀವು ನೀರು ಮುಟ್ಟಿ ವಾಪಸ್ ಬರೋ ಹೊತ್ತಿಗೆ ನಾವು ಎಲ್ಲಿರ್ತೀವೋ!" ಎನ್ನುತ್ತ ಬೋಗಿ ನೋಡಿಕೊಳ್ಳುವ ಹೆಂಗಸು ಜೋಯಾ ಚಹಾದ ಲೋಟವನ್ನು ಕಿಟಕಿಯ ಬಳಿ ಇಟ್ಟಳು.

ಫಯೀನಾ ಪಾವ್ಲೊವ್ನಾ ತಲೆಯೆತ್ತಿದರು. ಕಸಿಮೊವ್ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಭೂಗೋಳ ಪಾಠ ಮಾಡಿದವರು. ಬೈಕಾಲ್ ಸರೋವರದ ಉದ್ದ, ಅಗಲ, ಆಳ ನಿದ್ದೆಯಲ್ಲಿ ಕೇಳಿದರೂ ಹೇಳುವವರು. ಕಣ್ಣಿಂದ ಮಾತ್ರ ಕಂಡಿರಲಿಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ಕೊನೆಗೂ ಮನಸ್ಸು ಗಟ್ಟಿ ಮಾಡಿ ಮಾಸ್ಕೋದಿಂದ ವ್ಲಾದಿವೊಸ್ತೋಕ್‌ಗೆ ಹೋಗುವ ಈ ರೈಲು ಹತ್ತಿದ್ದರು. ಆದರೆ ಯೆಕತೆರಿನ್‌ಬುರ್ಗ್ ಬಂತು, ಓಮ್ಸ್ಕ್ ಬಂತು, ನೊವೊಸಿಬಿರ್ಸ್ಕ್ ಬಂತು; ಎಲ್ಲರೂ ಇಳಿದು ಕೈಕಾಲು ಆಡಿಸಿ ಬಂದರೂ ಅವರು ಸೀಟು ಬಿಟ್ಟು ಕದಲಲಿಲ್ಲ. ರೈಲು ಬಿಟ್ಟುಬಿಟ್ಟರೆ? ನಾಲ್ಕು ದಿನದಲ್ಲಿ ಅರ್ಧ ದೇಶ ಗಾಜಿನ ಆಚೆಯೇ ಸರಿದುಹೋಗಿತ್ತು.

"ನಾನು ಟೀಚರ್ ಅಂತ ನಿನಗೆ ಯಾರು ಹೇಳಿದ್ರಮ್ಮ?"

"ಏಳನೇ ಕ್ಲಾಸು, ಕೊನೇ ಬೆಂಚು, ಜೋಯಾ ಕ್ರಿಲೋವಾ. ಯೆನಿಸೇಯ್ ನದಿ ತೋರಿಸು ಅಂದ್ರೆ ವೋಲ್ಗಾ ತೋರಿಸಿದವಳು."

ಫಯೀನಾ ಪಾವ್ಲೊವ್ನಾ ಕೈಯಲ್ಲಿದ್ದ ಸಕ್ಕರೆಯ ತುಂಡು ಜಾರಿ ಮೇಜಿನ ಮೇಲೆ ಬಿತ್ತು. ನಕ್ಷೆಯ ಮುಂದೆ ಕೋಲು ಹಿಡಿದು ನಿಂತಿದ್ದ ಕೆಂಪು ಜಡೆಯ ಹುಡುಗಿ ನೆನಪಾದಳು. ತಾವು ಆಡಿದ ಮಾತೂ ನೆನಪಾಯಿತು. 'ಇವಳು ನಮ್ಮೂರ ಬಸ್ ಸ್ಟ್ಯಾಂಡ್ ದಾಟಿ ಹೋದ್ರೆ ನಾನು ಕೆಲಸ ಬಿಡ್ತೀನಿ' ಅಂದಿದ್ದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು.

"ನಾಲ್ಕು ದಿನದಿಂದ ಚಹಾ ಕೊಡ್ತಿದೀಯ. ಯಾಕೆ ಹೇಳಲಿಲ್ಲ?"

"ರೈಲು ಹತ್ತೋವಾಗ ನಿಮ್ಮ ಪಾಸ್‌ಪೋರ್ಟಲ್ಲಿ ಹೆಸರು ನೋಡಿದ ತಕ್ಷಣ ಗೊತ್ತಾಯ್ತು. ಹೇಳೋಕೆ ಮನಸ್ಸು ಒಪ್ಪಲಿಲ್ಲ." ಜೋಯಾ ಎದುರಿನ ಸೀಟಿನ ಅಂಚಿನಲ್ಲಿ ಕೂತಳು. "ಆ ಯೆನಿಸೇಯ್ ನದೀನ ಇಲ್ಲಿವರೆಗೆ ನಾನೂರು ಸಲನಾದ್ರೂ ದಾಟಿದೀನಿ ಟೀಚರ್."

"ನಾನು ಅವತ್ತು ಅಂದಿದ್ದು ತಪ್ಪು ಕಣೇ."

"ತಪ್ಪೇ," ಎಂದಳು ಜೋಯಾ. "ನಿಮ್ಮ ಮಾತಿನಿಂದ ಒಳ್ಳೇದಾಯ್ತು ಅಂತ ನಾನು ಸುಳ್ಳು ಹೇಳಲ್ಲ. ಎಷ್ಟೋ ವರ್ಷ ನಕ್ಷೆ ಕಂಡ್ರೆ ಮುಖ ತಿರುಗಿಸ್ತಿದ್ದೆ. ಆದ್ರೆ ಬೈಕಾಲ್ ಪಾಠ ಮಾಡೋವಾಗ ನಿಮ್ಮ ಮುಖ ನೋಡಬೇಕಿತ್ತು, ತವರುಮನೆ ಸುದ್ದಿ ಹೇಳ್ತಿದ್ದೀರೇನೋ ಅನ್ನೋ ಹಾಗಿರ್ತಿತ್ತು. ಅದೊಂದು ಪಾಠ ಮಾತ್ರ ನನಗೆ ಮರೀಲಿಲ್ಲ."

ರೈಲು ಬೆಟ್ಟದಿಂದ ಬಳಸಿ ಬಳಸಿ ಇಳಿಯತೊಡಗಿತು. ಸುರಂಗವೊಂದು ಮುಗಿದದ್ದೇ ತಡ, ಕೆಳಗೆ ಬರ್ಚ್ ಮರಗಳ ಸಂದಿಯಲ್ಲಿ ನೀರು ಹೊಳೆಯಿತು. ಆಚೆ ದಡದ ಬೆಟ್ಟಗಳ ತಲೆಯಲ್ಲಿ ಜೂನ್ ತಿಂಗಳಲ್ಲೂ ಹಿಮ. ಫಯೀನಾ ಪಾವ್ಲೊವ್ನಾ ಗಾಜಿಗೆ ಅಂಗೈ ಒತ್ತಿದರು. ಅಂಗೈಗೆ ಸಿಕ್ಕಿದ್ದು ಬೆಚ್ಚನೆಯ ಗಾಜು ಅಷ್ಟೆ.

"ಜೋಯಾ, ನಾನಿಲ್ಲಿ ಇಳಿದುಬಿಟ್ಟರೆ ಏನಾಗುತ್ತೆ?"

"ಏನೂ ಆಗಲ್ಲ. ಸ್ಟೇಷನ್ನಿನಲ್ಲಿ ಟಿಕೆಟ್ ಮೇಲೆ ಗುರುತು ಹಾಕಿಸ್ಕೊಳ್ಳಿ. ಬೇರೆ ರೈಲಲ್ಲಿ ಜಾಗ ಸಿಕ್ಕಾಗ ಮುಂದೆ ಹೋಗಬಹುದು. ನಾಳೆ ಸಿಗಬಹುದು, ನಾಡಿದ್ದು ಸಿಗಬಹುದು."

"ಅಲ್ಲೀವರೆಗೆ? ಗೊತ್ತಿಲ್ಲದ ಊರು, ಒಬ್ಬಳೇ..."

ಜೋಯಾ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತಳು. "ಬೈಕಾಲ್ ನಿಮಗೆ ಗೊತ್ತಿಲ್ಲದ ಊರಾ? ನಲವತ್ತು ಮಕ್ಕಳನ್ನ ಪಾಠದಲ್ಲೇ ಕರ್ಕೊಂಡು ಬರ್ತಿದ್ರಲ್ಲ ಇಲ್ಲಿಗೆ! ಪೆಟ್ಟಿಗೆ ಕೆಳಗಿಳಿಸ್ಲಾ, ಬೇಡ್ವಾ? ಬೇಗ ಹೇಳಿ, ನನಗೆ ಬಾಗಿಲು ತೆಗೆಯೋ ಕೆಲಸ ಇದೆ."

ಫಯೀನಾ ಪಾವ್ಲೊವ್ನಾ ಎದ್ದು ಕೋಟು ಹಾಕಿಕೊಂಡರು.

ಕಲ್ಲಿನ ಸ್ಟೇಷನ್ನಿನ ಎದುರು ರೈಲು ನಿಂತಿತು. ಜೋಯಾ ಮೊದಲು ಪೆಟ್ಟಿಗೆ ಇಳಿಸಿದಳು, ಆಮೇಲೆ ಟೀಚರ ಮೊಣಕೈ ಹಿಡಿದು ಅವರನ್ನು ಇಳಿಸಿದಳು. "ಆ ಮೇಲ್ಸೇತುವೆ ದಾಟಿ ನೇರ ಹೋಗಿ. ಗಾಳಿ ತಣ್ಣಗಾಗ್ತಾ ಹೋದ್ರೆ ದಾರಿ ಸರಿಯಾಗಿದೆ ಅಂತ ಲೆಕ್ಕ," ಎಂದು ಮೆಟ್ಟಿಲು ಹತ್ತಿದಳು. ರೈಲು ಕದಲಿತು. ಬಾಗಿಲಲ್ಲಿ ನಿಂತು, ರೈಲು ಹೊರಡಬಹುದೆಂದು ಸೂಚಿಸುವ ಹಸಿರು ಗುರುತಿನ ಕೋಲನ್ನು ಮುಂದಕ್ಕೆ ಚಾಚಿ, ಬೋಗಿಗಳು ತಿರುವಿನಲ್ಲಿ ಮರೆಯಾಗುವ ತನಕ ಅವಳು ಟೀಚರನ್ನೇ ನೋಡುತ್ತಿದ್ದಳು.

ದಡದಲ್ಲಿ ಉರುಟು ಕಲ್ಲುಗಳು. ಫಯೀನಾ ಪಾವ್ಲೊವ್ನಾ ಪೆಟ್ಟಿಗೆಯ ಮೇಲೆ ಕೂತು ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಲಂಗ ಎತ್ತಿ ಹಿಡಿದು ನೀರಿಗಿಳಿದರು. ಚಳಿ ಮೂಳೆಯನ್ನೇ ಕಚ್ಚಿತು. "ಅಯ್ಯೋ ತಾಯಿ!" ಎಂದು ಅವರು ಎಷ್ಟು ಜೋರಾಗಿ ಕೂಗಿದರೆಂದರೆ ಕಲ್ಲಿನ ಮೇಲಿದ್ದ ನೀರುಹಕ್ಕಿಗಳು ಎದ್ದು ಹಾರಿದವು. ಕೂಗು ನಗುವಾಯಿತು. ಕಾಲು ಮರಗಟ್ಟಿದರೂ ಹೊರಗೆ ಬರಲು ಮನಸ್ಸಾಗಲಿಲ್ಲ. ಬಗ್ಗಿ ಬೊಗಸೆ ತುಂಬಿ ನೀರು ಕುಡಿದರು. ಎಷ್ಟೋ ವರ್ಷ ಹೇಳಿಕೊಟ್ಟ ಪಾಠದಲ್ಲಿ ಈ ರುಚಿ ಎಲ್ಲೂ ಇರಲಿಲ್ಲ.

ಸ್ಟೇಷನ್ನಿನಲ್ಲಿ ಹೊಗೆ ಹಿಡಿಸಿದ ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಮನೆಗೆ ಹೊರಟಿದ್ದ ಹೆಂಗಸೊಬ್ಬಳು ಪೆಟ್ಟಿಗೆಯನ್ನೂ ಬೂಟನ್ನೂ ನೀರಲ್ಲಿ ನಿಂತ ಮುದುಕಿಯನ್ನೂ ಕಂಡು ಗಾಬರಿಯಿಂದ ಓಡಿಬಂದಳು.

"ಅಯ್ಯೋ ಅಜ್ಜಿ, ರೈಲು ತಪ್ಪಿಸ್ಕೊಂಡ್ರಾ?"

"ಇಲ್ಲಮ್ಮ," ಎಂದರು ಫಯೀನಾ ಪಾವ್ಲೊವ್ನಾ, ಗಲ್ಲದಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ. "ನಾನೇ ಇಳಿದೆ."