ನಳಿಗೆಯ ಮೇಲಿನ ನಾಣ್ಯ

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲಾಗಿ ಮಲಗಿದ್ದ ದರ್ಜಿಯ ಮಗಳ ಬೆರಳು ಟ್ರಿಗರಿನ ಮೇಲಿತ್ತು. ರೈಫಲಿನಲ್ಲಿ ಗುಂಡಿರಲಿಲ್ಲ. ನಳಿಗೆಯ ತುದಿಯಲ್ಲಿ ಒಂದು ನಾಣ್ಯವಿತ್ತು, ಎದುರು ಗೋಡೆಯ ಬಿಳಿ ಬಟ್ಟೆಯಲ್ಲಿ ಗುರಿಗೆಂದು ಅಮ್ಮ ಹೊಲಿದುಕೊಟ್ಟ, ಕೋಟಿನ ಕಪ್ಪು ಗುಂಡಿಯೊಂದಿತ್ತು. "ಗುಂಡು ಕೊಳ್ಳೋಕೆ ಆಗಲ್ವಾ? ಖಾಲಿ ರೈಫಲಲ್ಲೇ ಕಲಿ. ಟ್ರಿಗರ್ ಒತ್ತಿದ್ರೂ ನಾಣ್ಯ ಬೀಳಬಾರದು," ಎಂದು ಶೂಟಿಂಗ್ ಕ್ಲಬ್ಬಿನ ಕೋಚ್ ಒಂದು ತಿಂಗಳಿಗೆ ರೈಫಲ್ ಎರವಲು ಕೊಟ್ಟಿದ್ದರು. ನಾಳೆ ಹಿಂದಿರುಗಿಸಬೇಕು. ನಾಣ್ಯವೋ, ಒತ್ತಿದಾಗಲೆಲ್ಲ ಬೀಳುತ್ತಲೇ ಇತ್ತು.

ಅದು ಟಣ್ಣೆಂದಾಗಲೆಲ್ಲ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮ, "ಬಿತ್ತು ನೋಡು ನಿನ್ನ ಪದಕ!" ಎಂದು ರೇಗಿಸುತ್ತಿದ್ದಳು. ನಾಣ್ಯ ಬೀಳುವ ಸದ್ದಿಗೇ ಕಿವಿಗೊಟ್ಟು ಒತ್ತುವ ಬೆರಳು ಬೆಚ್ಚದೆ ಇರುತ್ತದೆಯೇ? ಈಗಷ್ಟೇ ಅಮ್ಮ ಬೇಸತ್ತು ಕೇಳಿದ್ದಳು: "ಸೂಜಿಗೆ ದಾರ ಪೋಣಿಸೋವಾಗ ನೀನು ಬೆರಳು ನೋಡ್ತೀಯೇನೇ?"

ಅವಳ ಉಸಿರು ತಾನಾಗಿ ಹೊರಬಂದು ನಿಂತಿತು. ಇಸ್ತ್ರಿಯ ಹಬೆ ಕೋಣೆಯಲ್ಲಿ ತೇಲುತ್ತಿತ್ತು. ಕಪ್ಪು ಗುಂಡಿ ಮೆಲ್ಲಗೆ ಅಗಲವಾಗುತ್ತ ಬಂದು ಬಾವಿಯ ನೀರಿನಂತೆ ನಿಶ್ಚಲವಾಯಿತು. ಅದರ ನಡುವೆ ಬಿಳಿ ದಾರದ ಚುಕ್ಕಿಯೊಂದೇ ನಕ್ಷತ್ರದ ಹಾಗೆ ಉಳಿಯಿತು. ಮೇಜು, ಗೋಡೆ, ಕೋಚ್, ನಾಳೆ ಎಲ್ಲವೂ ಹಬೆಯಲ್ಲಿ ಕರಗಿದವು. ನಾಣ್ಯವೆಂಬುದೊಂದು ಇದೆಯೆಂಬುದೇ ಅವಳಿಗೆ ಮರೆತುಹೋಯಿತು.

ಪಕ್ಕದ ಕೋಣೆಯಲ್ಲಿ ಯಂತ್ರ ನಿಂತಿತು.

"ಯಾಕೇ, ಇನ್ನೂ ಒತ್ತಿಲ್ವಾ? ನಿದ್ದೆ ಹೋದ್ಯಾ?"

ಅವಳು ಎಚ್ಚೆತ್ತವಳಂತೆ ಬೆರಳಿನತ್ತ ನೋಡಿದಳು. ಟ್ರಿಗರ್ ಆಗಲೇ ಪೂರ್ತಿ ಹಿಂದಕ್ಕೆ ಬಂದಿತ್ತು. ನಾಣ್ಯ, ಅಮ್ಮನೇ ಹೊಲಿದಿಟ್ಟಳೇನೋ ಎಂಬಂತೆ, ನಳಿಗೆಯ ಮೇಲೆ ಕೂತಿತ್ತು.